ಟ್ಯೂಬಿಂಗನ್ನಿನ ಬಾಗಿಲು ಕನ್ನಡ ಶಾಲೆಯ ಮಕ್ಕಳಿಗೂ ತೆರೆದಿದೆ

(ಚನ್ನಪಟ್ಟಣದಲ್ಲಿ ನಡೆದ ಕನ್ನಡ ಯುವಕರ ಸಭೆಯಲ್ಲಿ, ಜರ್ಮನಿಯಲ್ಲಿ ಓದಿ ಬಂದಿರುವ ಇದೇ ತಾಲ್ಲೂಕಿನ ಗೆಳೆಯರೊಬ್ಬರು ಮಾಡಿದ ಭಾಷಣದ ಪೂರ್ಣಪಾಠ. ಓದಿದ ಮೇಲೆ ಇನ್ನೊಬ್ಬರ ಕೈಗೆ ಕೊಡಿ.)



ನನ್ನನ್ನು ಪರಿಚಯ ಮಾಡಿಕೊಟ್ಟ ಅಣ್ಣನವರು 'ವಿದೇಶದಲ್ಲಿ ಓದಿ ಊರಿಗೆ ಕೀರ್ತಿ ತಂದವನು' ಎಂದರು. ಅಷ್ಟು ದೊಡ್ಡ ಮಾತು ಬೇಡ. ನಾನು ಈ ತಾಲ್ಲೂಕಿನ ಒಂದು ಹಳ್ಳಿಯವನು. ನಮ್ಮಪ್ಪ ಗೊಂಬೆ ಕಾರ್ಖಾನೆಯಲ್ಲಿ ಲೇತಿನ ಮುಂದೆ ಕೂತು ಆಲೆ ಮರಕ್ಕೆ ಅರಗಿನ ಬಣ್ಣ ಹಚ್ಚಿದವರು. ಎಸ್ಸೆಸ್ಸೆಲ್ಸಿವರೆಗೆ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಆಮೇಲೆ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬಿ.ಎಸ್ಸಿ. ಓದಿದೆ. ನಿಮ್ಮಲ್ಲಿ ಎಷ್ಟೋ ಜನ ಅದೇ ರೈಲಿನಲ್ಲಿ ನಿಂತುಕೊಂಡು ಹೋಗುವವರೇ. ಅಲ್ಲಿಂದ ಮುಂದೆ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದೆ. 2022ರ ಅಕ್ಟೋಬರಿನಲ್ಲಿ ಹೋದೆ, ಓದು ಮುಗಿಸಿ ಬಂದೆ. ನನ್ನ ಕಥೆ ಇಷ್ಟೇ.

ಇವತ್ತು ನಾನು ಹೇಳಬೇಕಾದದ್ದು ನನ್ನ ಕಥೆಯಲ್ಲ. 'ಕನ್ನಡದಲ್ಲಿ ಓದಿದವನಿಗೆ ಪ್ರಪಂಚದ ಬಾಗಿಲು ಮುಚ್ಚಿದೆ' ಎಂಬ ಒಂದು ಸುಳ್ಳನ್ನು ನಮ್ಮ ಮನೆಮನೆಯಲ್ಲೂ ಬಿತ್ತಿದ್ದಾರೆ. ಆ ಸುಳ್ಳಿನ ಬೇರು ಎಲ್ಲಿದೆ, ಅದನ್ನು ಕೀಳುವುದು ಹೇಗೆ ಎಂದು ಹೇಳುವುದಕ್ಕೆ ಬಂದಿದ್ದೇನೆ.

'ಕನ್ನಡ ಮೀಡಿಯಮ್ಮಾ? ಕಷ್ಟ ಕಣಪ್ಪಾ!'

ಡಿಗ್ರಿ ಮುಗಿಯುವ ವರ್ಷ ಬೆಂಗಳೂರಿನಲ್ಲಿ ಒಬ್ಬ ಏಜೆಂಟರ ಕಚೇರಿಗೆ ಹೋಗಿದ್ದೆ. ವಿದೇಶಕ್ಕೆ ಓದಲು ಕಳಿಸುವ ವ್ಯಾಪಾರ. ಗಾಜಿನ ಬಾಗಿಲು, ತಣ್ಣನೆಯ ಕೋಣೆ. ನನ್ನ ಅಂಕಪಟ್ಟಿ ನೋಡಿ ಆತ ಕೇಳಿದ ಮೊದಲ ಪ್ರಶ್ನೆ, 'ಕನ್ನಡ ಮೀಡಿಯಮ್ಮಾ? ಕಷ್ಟ ಕಣಪ್ಪಾ, ವೀಸಾ ಸಂದರ್ಶನದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀಯ.' ಎರಡನೆಯ ಮಾತು, 'ಆದರೂ ಮಾಡಿಸಿಕೊಡೋಣ, ಸ್ವಲ್ಪ ಜಾಸ್ತಿ ಖರ್ಚಾಗುತ್ತೆ.' ನೋಡಿ, ನಮ್ಮ ಕೀಳರಿಮೆಗೂ ಒಂದು ಬೆಲೆ ಕಟ್ಟಿ ಮಾರುವ ಜನ ಇದ್ದಾರೆ! ಮೊದಲು ಹೆದರಿಸುವುದು, ಆಮೇಲೆ ಆ ಹೆದರಿಕೆಗೆ ಬಿಲ್ಲು ಹಾಕುವುದು.

ನಾನು ಎದ್ದು ಬಂದೆ. ಧೈರ್ಯದಿಂದಲ್ಲ, ಆತ ಕೇಳಿದ ದುಡ್ಡು ನಮ್ಮ ಮನೆಯಲ್ಲಿ ಇರಲಿಲ್ಲ. ಆಮೇಲೆ ತಿಳಿದದ್ದೇನೆಂದರೆ, ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಲು ಏಜೆಂಟನೇ ಬೇಕಿಲ್ಲ. ಅರ್ಜಿಯನ್ನು ನೇರವಾಗಿ ವಿಶ್ವವಿದ್ಯಾಲಯಕ್ಕೋ, 'ಊನಿ-ಅಸಿಸ್ಟ್' ಎಂಬ ಸಾಮೂಹಿಕ ಸಂಸ್ಥೆಯ ಮೂಲಕವೋ ನಾವೇ ಹಾಕಬಹುದು. ನೀನು ಯಾವ ಮಾಧ್ಯಮದಲ್ಲಿ ಹತ್ತನೇ ತರಗತಿ ಓದಿದೆ ಎಂದು ಟ್ಯೂಬಿಂಗನ್ನಿನಲ್ಲಿ ನನ್ನನ್ನು ಒಬ್ಬರೂ ಕೇಳಲಿಲ್ಲ. ಪದವಿಯಲ್ಲಿ ಏನು ಕಲಿತೆ, ಎಷ್ಟು ಅಂಕ, ಪಾಠದ ಭಾಷೆ ಎಷ್ಟು ಬರುತ್ತದೆ, ಇಷ್ಟೇ ಕೇಳಿದರು.

ನಮ್ಮ ಊರಿನಷ್ಟೇ ಊರು

ಟ್ಯೂಬಿಂಗನ್ ಎಂದರೆ ಲಂಡನ್ನಿನಂಥ ಮಹಾನಗರವಲ್ಲ. ನೆಕ್ಕರ್ ಎಂಬ ನದಿಯ ದಂಡೆಯ ಮೇಲೆ ಒಂದು ಗುಡ್ಡ, ಗುಡ್ಡದ ಮೇಲೆ ಕೋಟೆ, ಕೆಳಗೆ ಊರು. ಜನಸಂಖ್ಯೆ ಸುಮಾರು 90 ಸಾವಿರ. 2011ರ ಜನಗಣತಿಯಲ್ಲಿ ನಮ್ಮ ಚನ್ನಪಟ್ಟಣದ್ದು ಸುಮಾರು 72 ಸಾವಿರ. ಅಂದರೆ ಹೆಚ್ಚುಕಮ್ಮಿ ನಮ್ಮಂಥದ್ದೇ ಊರು. ಆ ಊರಿನಲ್ಲಿ 1477ರಲ್ಲಿ ವಿಶ್ವವಿದ್ಯಾಲಯ ಕಟ್ಟಿದರು. ನಮ್ಮ ಪಕ್ಕದ ಮಾಗಡಿಯ ಕೆಂಪೇಗೌಡರ ವಂಶ ಬೆಂಗಳೂರು ಪೇಟೆಗೆ ಗುದ್ದಲಿ ಹಾಕಿದ್ದು 1537ರಲ್ಲಿ ಎಂದು ಲೆಕ್ಕ. ಅದಕ್ಕೂ 60 ವರ್ಷ ಹಳೆಯ ವಿಶ್ವವಿದ್ಯಾಲಯ ಅದು. ಜರ್ಮನಿಯಲ್ಲಿ ಅದಕ್ಕಿಂತಲೂ ಹಳೆಯವು ಇವೆ. ಹೈಡೆಲ್‌ಬರ್ಗ್ 1386ರದ್ದು, ವಿಜಯನಗರದಲ್ಲಿ ಎರಡನೇ ಹರಿಹರ ಆಳುತ್ತಿದ್ದ ಕಾಲದ್ದು.

ಗ್ರಹಗಳ ಚಲನೆಯ ನಿಯಮ ಕಂಡುಹಿಡಿದ ಕೆಪ್ಲರ್ ಓದಿದ್ದು ಟ್ಯೂಬಿಂಗನ್ನಿನಲ್ಲಿ. ತತ್ವಜ್ಞಾನಿ ಹೆಗೆಲ್ ಓದಿದ್ದೂ ಅಲ್ಲೇ. 1869ರಲ್ಲಿ ಮೀಶರ್ ಎಂಬ ಯುವಕ ಕೋಟೆಯ ಅಡುಗೆಮನೆಯನ್ನೇ ಪ್ರಯೋಗಶಾಲೆ ಮಾಡಿಕೊಂಡಿದ್ದ ಜಾಗದಲ್ಲಿ, ಆಸ್ಪತ್ರೆಯ ಬ್ಯಾಂಡೇಜಿನ ಕೀವಿನಿಂದ ಒಂದು ವಸ್ತುವನ್ನು ಬೇರ್ಪಡಿಸಿದ. ನಾವು ಇವತ್ತು ಡಿ.ಎನ್.ಎ. ಎಂದು ಕರೆಯುವುದು ಅದನ್ನೇ. ಇಷ್ಟೆಲ್ಲ ನಡೆದದ್ದು ಚನ್ನಪಟ್ಟಣದಷ್ಟು ದೊಡ್ಡದೂ ಇಲ್ಲದಿದ್ದ ಒಂದು ಊರಿನಲ್ಲಿ. ವಿದ್ಯೆಗೆ ಮಹಾನಗರ ಬೇಕು, ಇಂಗ್ಲಿಷ್ ಬೇಕು ಎನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಆ ಊರಿಗೂ ಕನ್ನಡಕ್ಕೂ ಇರುವ ಋಣ

ಟ್ಯೂಬಿಂಗನ್ನಿಗೂ ಕನ್ನಡಕ್ಕೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಅಲ್ಲಿಗೆ ಹೋಗುವವರೆಗೆ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ.

ಹರ್ಮನ್ ಮೋಗ್ಲಿಂಗ್ ಓದಿದ್ದು ಇದೇ ಟ್ಯೂಬಿಂಗನ್ನಿನಲ್ಲಿ. ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1836ರಲ್ಲಿ ನಮ್ಮ ನಾಡಿಗೆ ಬಂದರು. 1843ರ ಜುಲೈ 1ರಂದು ಮಂಗಳೂರಿನಿಂದ 'ಮಂಗಳೂರ ಸಮಾಚಾರ' ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ನೀವು ಕೈಯಲ್ಲಿ ಹಿಡಿಯುವ ಕನ್ನಡ ಪತ್ರಿಕೆಗಳಿಗೆಲ್ಲ ಅದು ಮುತ್ತಜ್ಜ. ತಾಳೆಗರಿಯಲ್ಲಿದ್ದ ಹಳೆಯ ಕನ್ನಡ ಕಾವ್ಯಗಳನ್ನು 'ಬಿಬ್ಲಿಯೊಥೆಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಅಚ್ಚು ಹಾಕಿಸಿದರು. ಆ ಕೆಲಸ ನೋಡಿ 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಇನ್ನು ಕಿಟ್ಟೆಲ್. ಉತ್ತರ ಜರ್ಮನಿಯ ಒಂದು ಹಳ್ಳಿಯಲ್ಲಿ 1832ರಲ್ಲಿ ಹುಟ್ಟಿ, 1853ರಲ್ಲಿ ನಮ್ಮಲ್ಲಿಗೆ ಬಂದರು. ನಾಗವರ್ಮನ ಛಂದಸ್ಸನ್ನು, ಕೇಶಿರಾಜನ ವ್ಯಾಕರಣವನ್ನು ಸಂಪಾದಿಸಿ ಅಚ್ಚು ಮಾಡಿಸಿದರು. ಎರಡು ದಶಕಗಳಷ್ಟು ಕಾಲ ದುಡಿದು ಸುಮಾರು 70,000 ಪದಗಳ ನಿಘಂಟನ್ನು 1894ರಲ್ಲಿ ಕೊಟ್ಟರು. 1896ರಲ್ಲಿ ಟ್ಯೂಬಿಂಗನ್ ಅವರಿಗೂ ಡಾಕ್ಟರೇಟ್ ಕೊಟ್ಟಿತು. ಕೊನೆಯ ವರ್ಷಗಳನ್ನು ಆ ಊರಿನಲ್ಲೇ ಕಳೆದು, 1903ರ ಡಿಸೆಂಬರಿನಲ್ಲಿ ಅಲ್ಲೇ ಕಣ್ಣುಮುಚ್ಚಿದರು.

ಅವರು ಬಂದದ್ದು ಧರ್ಮ ಪ್ರಚಾರಕ್ಕೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಬಂದವರು ಮೊದಲು ಮಾಡಿದ್ದು ಏನು? ನಮ್ಮ ಭಾಷೆ ಕಲಿತರು. ಕನ್ನಡ ಬಾರದೆ ಕನ್ನಡಿಗನ ಜೊತೆ ಮಾತಾಡಲಾಗದು ಎಂಬ ಸಾಮಾನ್ಯ ತಿಳಿವಳಿಕೆ ಅವರಿಗಿತ್ತು. ಇವತ್ತು ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷ ಕಳೆದರೂ 'ಕನ್ನಡ ಗೊತ್ತಿಲ್ಲ' ಎಂದು ನಗುನಗುತ್ತಾ ಹೇಳುವವರಿಗೆ, ಅದನ್ನು ಕೇಳಿಸಿಕೊಂಡು ತಾನೇ ಭಾಷೆ ಬದಲಾಯಿಸುವ ನಮ್ಮವನಿಗೆ, ಈ ಇಬ್ಬರು ಜರ್ಮನರ ಕಥೆ ಸಾಕು.

ಇನ್ನೊಂದು ಮಾತು. ಇದೇ ಟ್ಯೂಬಿಂಗನ್ನಿನಲ್ಲಿ ಓದಿ ಮಲಯಾಳಕ್ಕೆ ನಿಘಂಟು ಬರೆದ ಗುಂಡರ್ಟ್ ಹೆಸರಿನಲ್ಲಿ, 2015ರಲ್ಲಿ ಆ ವಿಶ್ವವಿದ್ಯಾಲಯದಲ್ಲಿ ಮಲಯಾಳ ಪೀಠ ಆರಂಭವಾಯಿತು. ಕೇರಳದವರು ಬೆನ್ನು ಹತ್ತಿ ಮಾಡಿಸಿಕೊಂಡರು. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಅಭಿಮಾನವಿದೆ. ಆದರೆ ಕಿಟ್ಟೆಲ್ ತೀರಿಕೊಂಡ ಊರಿನ ಬೀದಿಯಲ್ಲಿ ನಡೆಯುವಾಗ, ನಾವೂ ಹೀಗೆ ಬೆನ್ನು ಹತ್ತಬಾರದೇ ಎಂದು ಅನ್ನಿಸದೆ ಇರಲಿಲ್ಲ. ಕನ್ನಡದ ಕೆಲಸ ಜರ್ಮನಿಯಲ್ಲಿ ನಡೆದೇ ಇಲ್ಲ ಎಂದಲ್ಲ. ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಜೈಡೆನ್‌ಬಾಸ್ ಅವರು ಕನ್ನಡ ಕಲಿಸಿದರು, ಕನ್ನಡ ಕಲಿಯುವವರಿಗಾಗಿ ಪಠ್ಯಪುಸ್ತಕವನ್ನೇ ಬರೆದು 2020ರಲ್ಲಿ ಪ್ರಕಟಿಸಿದರು. ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ನಮ್ಮ ಬಿ.ಎ. ವಿವೇಕ ರೈ ಅವರು ಅತಿಥಿ ಪ್ರಾಧ್ಯಾಪಕರಾಗಿ ಹೋಗಿದ್ದರು. ಕೆಲವೇ ಜನ ಹೊತ್ತ ಹೊರೆ ಇದು. ನಾಡು ಹೊರಬೇಕಾದ ಹೊರೆ.

ಒಂದು ಕಚೇರಿ, ಒಂದು ಫಾರಂ

ನಾನು ಸೇರಿದ ಕೋರ್ಸಿನ ಪಾಠ ಇಂಗ್ಲಿಷಿನಲ್ಲಿ. ಜರ್ಮನಿಯಲ್ಲಿ ಈಗ ಇಂಗ್ಲಿಷಿನಲ್ಲಿ ನಡೆಯುವ ಕೋರ್ಸುಗಳು ಸಾವಿರಕ್ಕೂ ಮಿಕ್ಕಿ ಇವೆ, ಹೆಚ್ಚಿನವು ಎಂ.ಎಸ್ಸಿ., ಎಂ.ಎ. ಮಟ್ಟದವು. ಹಾಗಾಗಿ ಜರ್ಮನ್ ಭಾಷೆ ಯಾಕೆ ಎಂದುಕೊಂಡೇ ಹೋದೆ. ಹೋದ ಮೊದಲ ವಾರ ವಿಳಾಸ ನೋಂದಾಯಿಸಲು ಸರ್ಕಾರಿ ಕಚೇರಿಗೆ ಹೋದೆ. ಫಾರಂ ಪೂರ್ತಿ ಜರ್ಮನ್. ಕೌಂಟರಿನ ಹೆಂಗಸು ಮಾತಾಡಿದ್ದೂ ಜರ್ಮನ್. ನಾನು ಇಂಗ್ಲಿಷಿನಲ್ಲಿ ಕೇಳಿದೆ. ಆಕೆ ಸಿಟ್ಟು ಮಾಡಲಿಲ್ಲ, ಹಂಗಿಸಲಿಲ್ಲ. ನಿಧಾನವಾಗಿ, ಬಿಡಿಸಿ ಬಿಡಿಸಿ, ಮತ್ತೆ ಜರ್ಮನಿನಲ್ಲೇ ಹೇಳಿದಳು.

ಆ ದಿನ ನನಗೆ ಸಿಟ್ಟು ಬಂತು. 'ಇವರಿಗೆ ಇಷ್ಟು ಇಂಗ್ಲಿಷ್ ಬರಲ್ಲವೇ?' ಎಂದುಕೊಂಡೆ. ರಾತ್ರಿ ಮಲಗಿದಾಗ ನನ್ನ ಸಿಟ್ಟಿನ ಮೇಲೇ ನನಗೆ ನಾಚಿಕೆಯಾಯಿತು. ಬೆಂಗಳೂರಿನಲ್ಲಿ ಹೊರಗಿನಿಂದ ಬಂದವರು ನಮ್ಮ ಬಗ್ಗೆ ಆಡುವ ಮಾತನ್ನೇ ನಾನು ಅಲ್ಲಿ ಆಡಿದ್ದೆ! ನಮ್ಮ ಅಜ್ಜಿ ಬ್ಯಾಂಕಿನಲ್ಲಿ ಕನ್ನಡದ ಚಲನ್ ಕೇಳಿ, 'ಇಲ್ಲ, ಇದನ್ನೇ ತುಂಬಿಸಿ' ಎಂದು ಹೇಳಿಸಿಕೊಂಡು, ಇನ್ನೊಬ್ಬರ ಹತ್ತಿರ ಬರೆಸಿದ್ದು ನೆನಪಾಯಿತು. ಅಲ್ಲಿ ಜರ್ಮನ್ ಬಾರದ ನಾನು ಪರದಾಡಿದೆ. ಅದು ಸಹಜ, ನಾನು ಪರದೇಶಿ. ಇಲ್ಲಿ ಕನ್ನಡ ಮಾತ್ರ ಬರುವ ನಮ್ಮಜ್ಜಿ ಪರದಾಡುತ್ತಾಳೆ. ತನ್ನ ಊರಿನಲ್ಲೇ ಆಕೆ ಯಾಕೆ ಪರದೇಶಿಯಾದಳು? ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಯಾರು?

ಮಾರನೆಯ ದಿನವೇ ಜರ್ಮನ್ ತರಗತಿಗೆ ಹೆಸರು ಬರೆಸಿದೆ.

ಆಮ್ಲಜನಕ ಎಂದರೆ ನಗುವವರಿಗೆ

ಭಾಷೆ ಕಲಿಯುತ್ತಾ ಹೋದಂತೆ ಕಂಡ ಒಂದು ಸಂಗತಿಯನ್ನು ನೀವು ಮರೆಯಬಾರದು. ಕನ್ನಡ ಮಾಧ್ಯಮದಲ್ಲಿ ನಾವು 'ಆಮ್ಲಜನಕ', 'ಜಲಜನಕ' ಎಂದು ಓದಿದೆವು. ಬೆಂಗಳೂರಿನ ಕಾಲೇಜಿನಲ್ಲಿ ನಾನು ಒಮ್ಮೆ ಬಾಯಿತಪ್ಪಿ 'ಆಮ್ಲಜನಕ' ಎಂದಾಗ ಇಡೀ ತರಗತಿ ನಕ್ಕಿತ್ತು. ಜರ್ಮನರು ಆಕ್ಸಿಜನ್ನಿಗೆ ಏನನ್ನುತ್ತಾರೆ ಗೊತ್ತೇ? 'ಜೌಅರ್‌ಷ್ಟೋಫ್'. ಬಿಡಿಸಿದರೆ 'ಹುಳಿ ವಸ್ತು'. ಹೈಡ್ರೋಜನ್ನಿಗೆ 'ವಾಸರ್‌ಷ್ಟೋಫ್', ಅಂದರೆ 'ನೀರಿನ ವಸ್ತು'. ನಮ್ಮ ಆಮ್ಲಜನಕ, ಜಲಜನಕದ ಅರ್ಥವೇ! ಪ್ರಪಂಚದ ದೊಡ್ಡ ರಸಾಯನ ಕಾರ್ಖಾನೆಗಳಿರುವ ದೇಶದಲ್ಲಿ, ನೊಬೆಲ್ ಪಡೆದ ಪ್ರೊಫೆಸರರು ಯಾವ ಸಂಕೋಚವೂ ಇಲ್ಲದೆ 'ಹುಳಿ ವಸ್ತು' ಎನ್ನುತ್ತಾರೆ. ಅಲ್ಲಿ ಯಾರೂ ನಗುವುದಿಲ್ಲ. ನಗು ಇರುವುದು ಪದದಲ್ಲಿ ಅಲ್ಲ ಗೆಳೆಯರೇ, ನಮ್ಮ ತಲೆಯಲ್ಲಿ ತುಂಬಿದ ಗುಲಾಮಗಿರಿಯಲ್ಲಿ.

ಕನ್ನಡ ಬಲ್ಲವನಿಗೆ ಜರ್ಮನ್ ಅಷ್ಟು ದೂರದ್ದೂ ಅಲ್ಲ. ನಾವು ವಿಭಕ್ತಿ ಕಲಿತವರು. ನಮಗೆ ಏಳು, ಅವರಿಗೆ ನಾಲ್ಕೇ. ಮೂರು ಲಿಂಗ ನಮಗೂ ಗೊತ್ತು, ಅವರಿಗೂ ಇದೆ. ಆದರೆ ಅಲ್ಲಿ ಮೇಜು ಗಂಡು, ಬಾಗಿಲು ಹೆಣ್ಣು, ಅದೊಂದನ್ನು ಉರು ಹೊಡೆಯಬೇಕು. ಪದಕ್ಕೆ ಪದ ಅಂಟಿಸಿ ಸಮಾಸ ಮಾಡುವುದು ಎರಡೂ ಭಾಷೆಯ ಗುಣ. ಅವರು ಕೈಗವಸಿಗೆ 'ಕೈ ಬೂಟು' ಎಂದೇ ಪದ ಕಟ್ಟಿದ್ದಾರೆ. ದೊಡ್ಡ ವಾಕ್ಯದೊಳಗಿನ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ. ಇಂಗ್ಲಿಷಿನಿಂದ ಬಂದವರು ಅದಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದರು, ನನಗೆ ಮನೆಗೆ ಬಂದಂತಾಯಿತು. 'ನೀನು', 'ನೀವು' ಎಂಬ ಭೇದವೂ ಇದೆ. ನಮ್ಮ ಮನೆಯೊಡತಿ ಮುದುಕಿ ನನಗೆ ಕೊನೆಯವರೆಗೂ 'ನೀವು' ಎಂದೇ ಅಂದಳು.

ಜರ್ಮನ್ ಕೂಡ ಒಂದು ಕಾಲದಲ್ಲಿ ಅಡುಗೆಮನೆಯ ಭಾಷೆ

ಜರ್ಮನ್ ಮೊದಲಿನಿಂದಲೂ ಪಂಡಿತರ ಭಾಷೆಯಾಗಿತ್ತು ಎಂದು ತಿಳಿಯಬೇಡಿ. ಆ ವಿಶ್ವವಿದ್ಯಾಲಯಗಳು ಹುಟ್ಟಿದಾಗ ಪಾಠ ಲ್ಯಾಟಿನ್ನಿನಲ್ಲಿ. ಶ್ರೀಮಂತರ ಮನೆಯಲ್ಲಿ ಫ್ರೆಂಚ್ ಶೋಕಿ. ಜರ್ಮನ್ ಎಂದರೆ ರೈತರಿಗೆ, ಆಳುಗಳಿಗೆ, ಕುದುರೆ ಲಾಯಕ್ಕೆ. 1687ರಲ್ಲಿ ಲೈಪ್ಸಿಗ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಿಯಾನ್ ತೊಮಾಸಿಯುಸ್ ಎಂಬ ಮೇಷ್ಟರು ತಮ್ಮ ಉಪನ್ಯಾಸದ ಪ್ರಕಟಣೆಯನ್ನು ಜರ್ಮನ್ ಭಾಷೆಯಲ್ಲಿ ಬರೆದು ಹಲಗೆಗೆ ಅಂಟಿಸಿದರು. ವಿಷಯ ಏನು? 'ನಾವು ಫ್ರೆಂಚರನ್ನು ಯಾವ ರೀತಿ ಅನುಕರಿಸಬೇಕು' ಎಂಬುದು. ಪಂಡಿತರು ಬೆಂಕಿಯಾದರು. ಪವಿತ್ರ ಹಲಗೆ ಮೈಲಿಗೆಯಾಯಿತು ಎಂಬಂತೆ ಕೂಗಾಡಿದರು. ಇನ್ನಷ್ಟು ಜಗಳಗಳಾಗಿ, ಕೊನೆಗೆ 1690ರಲ್ಲಿ ಅವರು ಲೈಪ್ಸಿಗ್ ಬಿಟ್ಟು ಹಾಲೆ ಎಂಬ ಊರಿಗೆ ಹೋಗಬೇಕಾಯಿತು. ಅಲ್ಲಿ 1694ರಲ್ಲಿ ಹೊಸ ವಿಶ್ವವಿದ್ಯಾಲಯ ಎದ್ದಿತು, ಅದರ ಕಟ್ಟಾಳುಗಳಲ್ಲಿ ಅವರೂ ಒಬ್ಬರು.

ಆ ಒಂದು ಕಾಗದದಿಂದಲೇ ಎಲ್ಲ ಆಯಿತು ಎನ್ನುವುದಿಲ್ಲ. ಆದರೆ ಮುಂದಿನ ತಲೆಮಾರುಗಳು ಜರ್ಮನಿನಲ್ಲಿ ಪಾಠ ಹೇಳಿದವು, ಪುಸ್ತಕ ಬರೆದವು. ಇನ್ನೂರು ಚಿಲ್ಲರೆ ವರ್ಷ ಕಳೆಯುವಷ್ಟರಲ್ಲಿ ವಿಜ್ಞಾನ ಓದುವವರು ಪ್ರಪಂಚದ ಮೂಲೆಮೂಲೆಯಿಂದ ಜರ್ಮನ್ ಕಲಿಯಲು ಸಾಲು ನಿಂತರು. 1905ರಲ್ಲಿ ಐನ್‌ಸ್ಟೈನ್ ಪ್ರಪಂಚವನ್ನು ಅಲುಗಾಡಿಸಿದ ಪ್ರಬಂಧಗಳು ಜರ್ಮನಿನಲ್ಲಿವೆ. 1924ರಲ್ಲಿ ಢಾಕಾದಿಂದ ಸತ್ಯೇಂದ್ರನಾಥ ಬೋಸರು ಕಳಿಸಿದ ಇಂಗ್ಲಿಷ್ ಪ್ರಬಂಧವನ್ನು ಐನ್‌ಸ್ಟೈನ್ ತಾವೇ ಜರ್ಮನಿಗೆ ಅನುವಾದಿಸಿ ಅಚ್ಚು ಹಾಕಿಸಿದರು. ಅದೇ ಬೋಸರು 1948ರಲ್ಲಿ ಬಂಗಾಳಿಯಲ್ಲಿ ವಿಜ್ಞಾನ ಹರಡಲು ಕಲ್ಕತ್ತೆಯಲ್ಲಿ ಪರಿಷತ್ತು ಕಟ್ಟಿದರು. ಹೊರಗೆ ಹೋಗಿ ಕಲಿ, ಕಲಿತದ್ದನ್ನು ತಾಯ್ನುಡಿಗೆ ತಾ. ದೊಡ್ಡವರು ಮಾಡಿದ್ದು ಇದನ್ನೇ.

ನಮ್ಮವರೂ ಮಾಡಿದ್ದಾರೆ. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಎಂಬ ಕನ್ನಡ ಪತ್ರಿಕೆ ತಂದರು. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಕುವೆಂಪು ಅವರು ಕಾಲೇಜಿನಲ್ಲಿ ಕನ್ನಡ ಮಾಧ್ಯಮಕ್ಕೆ ದಾರಿ ಮಾಡಿದರು. ಹಲಗೆಯ ಮೇಲೆ ಕಾಗದ ಅಂಟಿಸುವವರು ನಮ್ಮಲ್ಲೂ ಹುಟ್ಟಿದರು. ಅವರ ಹಿಂದೆ ನಾವು ನಿಲ್ಲಲಿಲ್ಲ, ಅಷ್ಟೇ.

ಜರ್ಮನಿ ಎಂದ ಮೇಲೆ ಲೋಹಿಯಾ ಅವರನ್ನು ನೆನೆಯಲೇಬೇಕು. 1929ರಲ್ಲಿ ಬರ್ಲಿನ್ನಿಗೆ ಹೋಗಿ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಉಪ್ಪಿನ ತೆರಿಗೆಯ ಮೇಲೆ ಪಿಎಚ್.ಡಿ. ಮಾಡಿ 1933ರಲ್ಲಿ ಬಂದರು. ಪ್ರೊಫೆಸರ್ 'ನನಗೆ ಇಂಗ್ಲಿಷ್ ಬರುವುದಿಲ್ಲ' ಎಂದಾಗ, ಮೂರು ತಿಂಗಳಲ್ಲಿ ಜರ್ಮನ್ ಕಲಿತು ಮತ್ತೆ ಬಾಗಿಲು ತಟ್ಟಿದರು ಎಂದು ಅವರ ಬಗ್ಗೆ ಹೇಳುತ್ತಾರೆ. ಆ ಲೋಹಿಯಾ ಮುಂದೆ ಇಂಗ್ಲಿಷಿನ ಯಜಮಾನಿಕೆಯ ವಿರುದ್ಧ ತಾಯ್ನುಡಿಗಳ ಪರವಾಗಿ ಗುಡುಗಿದರು. 1951ರಲ್ಲಿ ಕಾಗೋಡಿನ ರೈತರ ಜೊತೆ ನಿಂತು ಜೈಲಿಗೆ ಹೋದರು. ಪರಭಾಷೆ ಕಲಿತವನು ತಾಯ್ನುಡಿ ಬಿಡಬೇಕು ಎಂದು ಯಾವ ಶಾಸ್ತ್ರದಲ್ಲಿ ಬರೆದಿದೆ?

ದುಡ್ಡಿನ ಮಾತು

ಈಗ ದುಡ್ಡಿನ ವಿಷಯ. ಬಣ್ಣ ಬಳಿಯದೆ ಹೇಳುತ್ತೇನೆ, ಯಾರೂ ಮೋಸ ಹೋಗಬಾರದು.

'ಜರ್ಮನಿಯಲ್ಲಿ ಓದು ಪುಕ್ಕಟೆ' ಎನ್ನುತ್ತಾರೆ. ಅರ್ಧ ನಿಜ. ಅಲ್ಲಿ ಶಿಕ್ಷಣ ಆಯಾ ರಾಜ್ಯದ ಅಧಿಕಾರ. 2006ರ ನಂತರ ಹಲವು ರಾಜ್ಯಗಳು ಎಲ್ಲ ವಿದ್ಯಾರ್ಥಿಗಳಿಗೂ ಶುಲ್ಕ ಹೇರಿದವು. ವಿದ್ಯಾರ್ಥಿಗಳು ಬೀದಿಗಿಳಿದರು, ಸರ್ಕಾರಗಳು ಬದಲಾದವು, 2014ರ ಹೊತ್ತಿಗೆ ಒಂದೊಂದಾಗಿ ಎಲ್ಲ ರಾಜ್ಯಗಳೂ ಅದನ್ನು ಕೈಬಿಟ್ಟವು. ಸಂಘಟನೆ ಎಂದರೆ ಏನಾಗುತ್ತದೆ ನೋಡಿ. ಆದರೆ ಟ್ಯೂಬಿಂಗನ್, ಹೈಡೆಲ್‌ಬರ್ಗ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ, ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ 2017ರಿಂದ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ಹಾಕಿದೆ. ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಹಾಕಿದೆ. ಬೇರೆ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರಿನ ಸಣ್ಣ ವಂತಿಗೆ ಮಾತ್ರ. ಅರ್ಜಿ ಹಾಕುವ ಮೊದಲು ಯಾವ ರಾಜ್ಯ ಎಂದು ನೋಡಿಕೊಳ್ಳಿ. ನಾನು ಕಿಟ್ಟೆಲ್ ಊರು ಎಂದು ಹೋಗಲಿಲ್ಲ. ಗೊತ್ತಿಲ್ಲದೆ ಹೋಗಿ ಶುಲ್ಕ ಕಟ್ಟಿದವನು ನಾನು.

ದೊಡ್ಡ ಹೊರೆ ಊಟ ವಸತಿಯದು. ವೀಸಾ ಬೇಕೆಂದರೆ ಒಂದು ವರ್ಷದ ಖರ್ಚನ್ನು ಮುಂಚೆಯೇ ಖಾತೆಯಲ್ಲಿ ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಅದನ್ನು 11,904 ಯೂರೋಗೆ ಏರಿಸಿದರು. ಯೂರೋಗೆ ನೂರು ರೂಪಾಯಿ ಎಂದು ಹಿಡಿದರೆ ಹನ್ನೆರಡು ಲಕ್ಷದ ಹತ್ತಿರ. ಅದು ನಮ್ಮದೇ ದುಡ್ಡು, ಅಲ್ಲಿ ತಿಂಗಳಿಗೆ 992 ಯೂರೋನಂತೆ ನಮಗೇ ಬಿಡುತ್ತಾರೆ. ಆದರೆ ಮೊದಲು ಹೊಂದಿಸಬೇಕಲ್ಲ! ನಮ್ಮ ಮಾವ ತಮ್ಮ ನಿವೇಶನ ಅಡ ಇಟ್ಟು ಬ್ಯಾಂಕ್ ಸಾಲ ಕೊಡಿಸಿದರು. ಆ ಸಾಲ ಇನ್ನೂ ತೀರಿಲ್ಲ. ಓದುತ್ತಾ ದುಡಿಯಲು ಅವಕಾಶವಿದೆ, ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ. ನಾನು ಹೋಟೆಲಿನಲ್ಲಿ ಪಾತ್ರೆ ತೊಳೆದಿದ್ದೇನೆ. ಜರ್ಮನ್ ಬಂದ ಮೇಲೆ ವಿಶ್ವವಿದ್ಯಾಲಯದಲ್ಲೇ ಸಹಾಯಕನ ಕೆಲಸ ಸಿಕ್ಕಿತು. ಭಾಷೆ ಬಂದರೆ ಪಾತ್ರೆಯಿಂದ ಪ್ರಯೋಗಶಾಲೆಗೆ, ಅಷ್ಟು ವ್ಯತ್ಯಾಸ.

ಪಿಯುಸಿ ಮುಗಿಸಿದ ತಮ್ಮಂದಿರು, ತಂಗಿಯರು ಕೇಳಿಸಿಕೊಳ್ಳಿ. ಪಿಯುಸಿ ಆದ ಕೂಡಲೇ ಸಾಮಾನ್ಯವಾಗಿ ಅಲ್ಲಿ ನೇರ ಪ್ರವೇಶವಿಲ್ಲ. ಇಲ್ಲಿ ಪದವಿಯ ಒಂದು ವರ್ಷ ಪಾಸಾಗಿರಬೇಕು, ಇಲ್ಲವೇ ಅಲ್ಲಿ 'ಷ್ಟೂಡಿಯೆನ್‌ಕೊಲೆಗ್' ಎಂಬ ತಯಾರಿ ತರಗತಿ ಮಾಡಬೇಕು. ಪದವಿ ಮಟ್ಟದ ಪಾಠ ಬಹುಪಾಲು ಜರ್ಮನಿನಲ್ಲೇ. 2022ರ ನವೆಂಬರಿನಿಂದ ನಮ್ಮ ದೇಶದ ವಿದ್ಯಾರ್ಥಿಗಳು ಅಂಕಪಟ್ಟಿಗಳನ್ನು ಎ.ಪಿ.ಎಸ್. ಎಂಬ ಕಚೇರಿಯಲ್ಲಿ ತಪಾಸಣೆ ಮಾಡಿಸಿ ಪ್ರಮಾಣಪತ್ರ ಪಡೆಯುವುದನ್ನು ಕಡ್ಡಾಯ ಮಾಡಿದ್ದಾರೆ. ಸುಳ್ಳು ಪತ್ರ ಕೊಟ್ಟು ಸಿಕ್ಕಿಬಿದ್ದರೆ ಬಾಗಿಲು ಶಾಶ್ವತವಾಗಿ ಮುಚ್ಚಿದಂತೆ. ಜರ್ಮನ್ ಕಲಿಯಲು ಬೆಂಗಳೂರಿನಲ್ಲಿ ಮ್ಯಾಕ್ಸ್ ಮುಲ್ಲರ್ ಭವನವಿದೆ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಅಲ್ಲಿರಲು ಬಿಡುತ್ತಾರೆ.

2023-24ರ ಚಳಿಗಾಲದ ಸೆಮಿಸ್ಟರಿನಲ್ಲೇ ಸುಮಾರು 49,000 ಭಾರತೀಯರು ಅಲ್ಲಿ ಓದುತ್ತಿದ್ದರು. ಹೊರದೇಶದವರಲ್ಲಿ ನಮ್ಮವರದೇ ದೊಡ್ಡ ಗುಂಪು. ಇಂಗ್ಲಿಷ್ ಕೋರ್ಸು ಮುಗಿಸಿ, ಜರ್ಮನ್ ಕಲಿಯದೆ, ಕೆಲಸ ಸಿಗದೆ ಕೊರಗಿದವರನ್ನು ಕಣ್ಣಾರೆ ಕಂಡಿದ್ದೇನೆ. ದೂರದ ಬೆಟ್ಟ ನುಣ್ಣಗೆ. ಹತ್ತಿರ ಹೋದರೆ ಕಲ್ಲೂ ಇದೆ, ಮುಳ್ಳೂ ಇದೆ.

'ಕನ್ನಡ ಕನ್ನಡ ಅಂತೀಯ, ಓಡಿಹೋದದ್ದು ಯಾಕೆ?'

ಸಭೆ ಶುರುವಾಗುವ ಮೊದಲು ಒಬ್ಬ ತಮ್ಮ ನನ್ನನ್ನು ಹೀಗೆ ಕೇಳಿದ. ನ್ಯಾಯವಾದ ಪ್ರಶ್ನೆ. ನಾನು ಓಡಿಹೋಗಲಿಲ್ಲ ತಮ್ಮಾ, ಓದಲು ಹೋದೆ. ವಾಪಸು ಬಂದದ್ದು ತ್ಯಾಗ ಮಾಡಲಿಕ್ಕೂ ಅಲ್ಲ. ಅಪ್ಪನ ಆರೋಗ್ಯ ಕೆಟ್ಟಿತ್ತು, ಬಂದೆ. ಈಗ ಬೆಂಗಳೂರಿನಲ್ಲಿ ಅಂತರ್ಜಲದ ಕೆಲಸ ಮಾಡುತ್ತಿದ್ದೇನೆ. ಅಲ್ಲೇ ಉಳಿದವರನ್ನು ನಾನು ದೂರುವುದಿಲ್ಲ. ಎಲ್ಲಿದ್ದರೂ ಕನ್ನಡಕ್ಕೆ ಏನು ಮಾಡಿದೆ ಎಂಬುದೇ ಲೆಕ್ಕ.

ಅಲ್ಲಿ ನನ್ನ ಪ್ರೊಫೆಸರರಿಗೆ ನನ್ನ ಊರು ರಾಮನಗರದ ಪಕ್ಕ ಎಂದಾಗ ಅರ್ಥವಾಗಲಿಲ್ಲ. 'ಕ್ಲೋಸ್‌ಪೇಟೆ ಗ್ರಾನೈಟ್' ಎಂದ ಕೂಡಲೇ ಕಣ್ಣರಳಿಸಿದರು. ನಾವು ದಿನಾ ರೈಲಿನ ಕಿಟಕಿಯಿಂದ ನೋಡುವ ರಾಮನಗರದ ಬಂಡೆಗಳು ಅವು, ಸುಮಾರು 250 ಕೋಟಿ ವರ್ಷ ಹಳೆಯವು, ಭೂವಿಜ್ಞಾನ ಓದುವವರಿಗೆ ಪ್ರಸಿದ್ಧ. ಜರ್ಮನಿಯ ಮೇಷ್ಟರಿಗೆ ಗೊತ್ತಿರುವ ನಮ್ಮ ಕಲ್ಲಿನ ಕಥೆ ನನಗೆ ಹತ್ತನೇ ತರಗತಿಯವರೆಗೆ ಯಾರೂ ಹೇಳಿರಲಿಲ್ಲ. ಈಗ ಭಾನುವಾರಗಳಲ್ಲಿ ನಾನು ಆ ಕಥೆಯನ್ನು ಶಾಲೆಯ ಮಕ್ಕಳಿಗೆ ಕನ್ನಡದಲ್ಲಿ ಹೇಳುತ್ತಿದ್ದೇನೆ. ಕಿಟ್ಟೆಲ್ ಮಾಡಿದ ಕೆಲಸದ ಮುಂದೆ ಇದು ಸಾಸಿವೆ. ಆದರೂ ಶುರುವಾಗಿದೆ.

ನಮ್ಮ ಗೊಂಬೆ ಕೆಲಸದವರಿಗೂ ಒಂದು ಮಾತು. ಜರ್ಮನಿಯ ಸಾಕ್ಸನಿಯಲ್ಲಿ ಜೈಫನ್ ಎಂಬ ಹಳ್ಳಿಯಿದೆ, ಮರದ ಗೊಂಬೆಗೆ ಹೆಸರಾದದ್ದು. ನಮ್ಮಂತೆಯೇ ಲೇತಿನಲ್ಲಿ ಕಡೆಯುತ್ತಾರೆ. ಮರವನ್ನು ಬಳೆಯ ಹಾಗೆ ಕಡೆದು, ಅದನ್ನು ಹೋಳು ಮಾಡಿದರೆ ಒಂದೊಂದು ಹೋಳೂ ಒಂದೊಂದು ಕುದುರೆ, ಹಸು! ಅಲ್ಲಿ ಗೊಂಬೆ ಮಾಡುವುದು ಸರ್ಕಾರ ಒಪ್ಪಿದ ಮೂರು ವರ್ಷದ ವೃತ್ತಿ ಶಿಕ್ಷಣ. ಅದಕ್ಕೆ ಶಾಲೆಯಿದೆ, ಪರೀಕ್ಷೆಯಿದೆ, ಪ್ರಮಾಣಪತ್ರವಿದೆ. ಎಲ್ಲವೂ ಅವರ ಭಾಷೆಯಲ್ಲಿ. ನಮ್ಮಪ್ಪ ನಲವತ್ತು ವರ್ಷ ಕಡೆದರು. ಅವರಿಗೆ ಯಾರು ಕೊಟ್ಟರು ಪ್ರಮಾಣಪತ್ರ?

ಕೊನೆಯದಾಗಿ

ಗೆಳೆಯರೇ, ನನ್ನ ಬೇಡಿಕೆಗಳು ಮೂರೇ. ಒಂದು, ನಮ್ಮ ತಾಲ್ಲೂಕು ಕೇಂದ್ರಗಳ ಸರ್ಕಾರಿ ಕಾಲೇಜುಗಳಲ್ಲಿ ಸಂಜೆ ಹೊತ್ತು ಜರ್ಮನ್ ತರಗತಿ ಬೇಕು, ಅದನ್ನು ಕನ್ನಡದ ಮೂಲಕ ಕಲಿಸಬೇಕು. ನಾನು ಜರ್ಮನ್ ಕಲಿಯಲು ಇಂಗ್ಲಿಷಿನ ಸುತ್ತು ಹಾಕಬೇಕಾಯಿತು, ನಿಮಗೆ ಆ ಸುತ್ತು ಬೇಡ. ಎರಡು, ವಿದೇಶದ ಓದಿನ ಮಾಹಿತಿ ಕನ್ನಡದಲ್ಲಿ ಪುಕ್ಕಟೆಯಾಗಿ ಸಿಗಬೇಕು, ಏಜೆಂಟರ ಅಂಗಡಿಯಲ್ಲಿ ಅಲ್ಲ. ಮೂರು, ಹೋಗಿ ಬಂದ ಪ್ರತಿಯೊಬ್ಬನೂ ತಾನು ಕಲಿತ ಶಾಸ್ತ್ರದ ಬಗ್ಗೆ ಕನ್ನಡದಲ್ಲಿ ಒಂದು ಪುಸ್ತಕವನ್ನಾದರೂ ಬರೆಯಬೇಕು. ಮೂರನೆಯದಕ್ಕೆ ಸರ್ಕಾರ ಬೇಕಾಗಿಲ್ಲ, ನಾವು ಸಾಕು. ನನ್ನದು ಶುರು ಮಾಡಿದ್ದೇನೆ. ಅಂತರ್ಜಲದ ಮೇಲೆ. ಬೋರ್‌ವೆಲ್ ಕೊರೆಸಿ ಕೈಸುಟ್ಟುಕೊಂಡ ನಮ್ಮ ರೈತ ಓದಿದರೆ ಅರ್ಥವಾಗಬೇಕು, ಹಾಗೆ ಬರೆಯುತ್ತಿದ್ದೇನೆ.

ಇನ್ನೂರು ವರ್ಷದ ಹಿಂದೆ ಟ್ಯೂಬಿಂಗನ್ನಿನ ಒಬ್ಬ ಹುಡುಗ ಹಡಗು ಹತ್ತಿ ಬಂದು ಕನ್ನಡ ಕಲಿತ. ಇವತ್ತು ಚನ್ನಪಟ್ಟಣದ ಹುಡುಗ, ಕನಕಪುರದ ಹುಡುಗಿ ವಿಮಾನ ಹತ್ತಿ ಹೋಗಿ ಜರ್ಮನ್ ಕಲಿಯಲು ಹೆದರಬೇಕೇ? ಹೋಗಿ. ತಲೆ ಎತ್ತಿಕೊಂಡು ಹೋಗಿ. ಯಾವ ಶಾಲೆ ಎಂದು ಕೇಳಿದರೆ ಕನ್ನಡ ಶಾಲೆ ಎಂದು ಗಟ್ಟಿಯಾಗಿ ಹೇಳಿ. ಬರುವಾಗ ಚೀಲದಲ್ಲಿ ಚಾಕಲೇಟು ಒಂದೇ ತರಬೇಡಿ, ಕನ್ನಡಕ್ಕೆ ಏನಾದರೂ ತನ್ನಿ.



ಜೈ ಕನ್ನಡ! ಜೈ ಕರ್ನಾಟಕ!